ಅದುರುವ ಯಂತ್ರದಿಂದ ಕರೆಂಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಯಂತ್ರಗಳ ಕಂಪನದಿಂದ ವಿದ್ಯುತ್ ಹಿಡಿಯುವ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಓದುವ ಮುಂಚೆ ಒಂದು ಅಳತೆ ತಲೆಯಲ್ಲಿರಲಿ. ಇಲ್ಲಿನ ಲೆಕ್ಕ ಹೆಚ್ಚಾಗಿ ಮೈಕ್ರೊವ್ಯಾಟ್‌ನಲ್ಲಿ, ಅಂದರೆ ಒಂದು ವ್ಯಾಟಿನ ಹತ್ತು ಲಕ್ಷದಲ್ಲಿ ಒಂದು ಪಾಲು. ದೀಪಕ್ಕೆ ಇದು ಸಾಲದು. ಆಗಾಗ ಎದ್ದು ಒಂದು ಸಂದೇಶ ಕಳಿಸಿ ಮತ್ತೆ ಮಲಗುವ ಸೆನ್ಸರ್‌ಗೆ ಸಾಕು.

ಪ್ರಶ್ನೆ: ನಮ್ಮ ಮಷಿನ್ ಶಾಪಿನಲ್ಲಿ 5 ಎಚ್‌ಪಿ, 1440 ಆರ್‌ಪಿಎಂ ಮೋಟರ್ ಇದೆ. ಬೇರಿಂಗ್ ಎಷ್ಟು ಬಿಸಿಯಾಗಿದೆ ಎಂದು ತಿಳಿಸುವ ವೈರ್‌ಲೆಸ್ ಸೆನ್ಸರ್‌ಗೆ ಬ್ಯಾಟರಿ ಬೇಡವೆಂದು ಸ್ಟೀಲ್ ಪಟ್ಟಿಯ ಮೇಲೆ ಪೀಜೊ (ಬಾಗಿದಾಗ ವಿದ್ಯುತ್ ಹುಟ್ಟಿಸುವ ಪಿಂಗಾಣಿ) ಅಂಟಿಸಿ, ತುದಿಗೆ ತೂಕ ಕಟ್ಟಿದೆ. ಮೋಟರ್ ಖಾಲಿ ತಿರುಗುವಾಗ ಟ್ಯೂನ್ ಮಾಡಿದರೆ 12 ವೋಲ್ಟ್ ಬರುತ್ತದೆ. ಕೆಲಸ ಶುರುವಾಗಿ ಲೋಡ್ ಬಿದ್ದ ಕೂಡಲೇ ಮೂರೂವರೆಗೆ ಇಳಿಯುತ್ತದೆ. ಪೀಜೊ ಕೆಟ್ಟಿದೆಯೇ? — ಉದ್ಯಮಬಾಗ, ಬೆಳಗಾವಿ

ಪೀಜೊ ಚೆನ್ನಾಗಿಯೇ ಇದೆ. ಬದಲಾಗಿರುವುದು ಮೋಟರಿನ ವೇಗ. ಇಂಡಕ್ಷನ್ ಮೋಟರ್ ಖಾಲಿ ಇದ್ದಾಗ ಸುಮಾರು 1490 ಸುತ್ತು ತಿರುಗುತ್ತದೆ, ಪೂರ್ತಿ ಲೋಡಿನಲ್ಲಿ 1440ಕ್ಕೆ ಇಳಿಯುತ್ತದೆ. 60ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಸಲ ಎಂಬ ಲೆಕ್ಕ, ಅಂದರೆ ಆವರ್ತನ ಸಿಗುತ್ತದೆ: 24.8 ಹರ್ಟ್ಸ್ ಮತ್ತು 24 ಹರ್ಟ್ಸ್. ನೂರಕ್ಕೆ ಮೂರರಷ್ಟು ವ್ಯತ್ಯಾಸ ಕೇಳಲಿಕ್ಕೆ ಸಣ್ಣದು, ಆದರೆ ಒಳ್ಳೆಯ ಸ್ಟೀಲ್ ಪಟ್ಟಿಗೆ ಅದು ದೊಡ್ಡದು. ಪಟ್ಟಿ ಒಂದೇ ಆವರ್ತನಕ್ಕೆ ಎಷ್ಟು ಚೂಪಾಗಿ ಸ್ಪಂದಿಸುತ್ತದೆ ಎಂಬ ಅಳತೆಯೇ ಕ್ಯೂ. ನಿಮ್ಮ ಪಟ್ಟಿಯ ಕ್ಯೂ ಬೆಲೆ 50 ಇದ್ದರೆ ಅದು ಚೆನ್ನಾಗಿ ಆಡುವ ಆವರ್ತನಗಳ ಹರವು ಅರ್ಧ ಹರ್ಟ್ಸ್ ಮಾತ್ರ. 24.8ಕ್ಕೆ ಕೂಡಿಸಿದ, ಅಂದರೆ ಟ್ಯೂನ್ ಮಾಡಿದ ಪಟ್ಟಿಯನ್ನು 24ರಲ್ಲಿ ಅಲ್ಲಾಡಿಸಿದರೆ ವೋಲ್ಟೇಜು ನೂರಕ್ಕೆ 29ರಷ್ಟಕ್ಕೆ ಬೀಳುತ್ತದೆ ಎಂದು ಲೆಕ್ಕ ಹೇಳುತ್ತದೆ. ಹನ್ನೆರಡರಲ್ಲಿ ಅದು ಮೂರೂವರೆ. ನಿಮ್ಮ ಮೀಟರ್ ತೋರಿಸಿದ್ದೂ ಅದನ್ನೇ.

ಪರಿಹಾರವೂ ಅದೇ ಮೋಟರಿನಲ್ಲಿದೆ. ಸ್ಟೇಟರಿನ (ಮೋಟರಿನ ತಿರುಗದ ಸುರುಳಿ ಭಾಗದ) ಕಾಂತಸೆಳೆತ ಪ್ರತಿ ಎಸಿ ಆವರ್ತದಲ್ಲಿ ಎರಡು ಸಲ ಏರಿಳಿಯುವುದರಿಂದ ಚೌಕಟ್ಟು 100 ಹರ್ಟ್ಸ್‌ನಲ್ಲೂ ಅದುರುತ್ತದೆ. ಇದಕ್ಕೂ ಲೋಡಿಗೂ ಸಂಬಂಧವಿಲ್ಲ. ಗ್ರಿಡ್ ಆವರ್ತನ 50ರ ಆಚೀಚೆ ಸ್ವಲ್ಪವೇ ಓಲಾಡುತ್ತದೆ, ಪಟ್ಟಿಯ ಸಹನೆಯೋ ಇಲ್ಲಿ 2 ಹರ್ಟ್ಸ್. ಹಾಗಾಗಿ ಒಮ್ಮೆ ಕೂಡಿಸಿದರೆ ಇಡೀ ದಿನ ಕೂಡಿಯೇ ಇರುತ್ತದೆ. ಮೋಟರಿಗೆ ವಿಎಫ್‌ಡಿ ಡ್ರೈವ್ (ಆವರ್ತನ ಬದಲಿಸಿ ವೇಗ ಹೊಂದಿಸುವ ಸಾಧನ) ಇದ್ದರೆ ಮಾತ್ರ ಈ ದಾರಿ ಬೇಡ. ಡ್ರೈವ್ ಆವರ್ತನ ಬದಲಿಸಿದಂತೆಲ್ಲ ಈ 100 ಕೂಡ ಜರುಗುತ್ತದೆ.

ಪಟ್ಟಿಯ ಅಳತೆ ಹೀಗಿರಲಿ: ಸ್ಪ್ರಿಂಗ್ ಸ್ಟೀಲ್, ಅಗಲ 10 ಮಿಮೀ, ದಪ್ಪ 0.8 ಮಿಮೀ, ಹಿಡಿಕೆಯಿಂದ ತೂಕದ ನಡುವಿನವರೆಗೆ 40 ಮಿಮೀ, ತುದಿಯಲ್ಲಿ 9.5 ಗ್ರಾಂ. ಲೆಕ್ಕಕ್ಕೆ ಇದು ಸರಿಯಾಗಿ 100 ಹರ್ಟ್ಸ್. ಕೈಯಲ್ಲಿ ಮಾಡಿದಾಗ ಅಷ್ಟೇ ಬರುವುದಿಲ್ಲ. ಅಂಟಿಸಿದ ಪೀಜೊ ಪಟ್ಟಿಯನ್ನು ಗಡುಸು ಮಾಡಿ ಆವರ್ತನ ಏರಿಸುತ್ತದೆ, ಹಿಡಿಕೆ ಸ್ವಲ್ಪ ಮೆತ್ತಗಿದ್ದರೆ ಇಳಿಸುತ್ತದೆ. ಆದ್ದರಿಂದ ಉದ್ದದಿಂದ ಒರಟಾಗಿ, ತೂಕದಿಂದ ನಾಜೂಕಾಗಿ ಕೂಡಿಸಬೇಕು. ಉದ್ದದಲ್ಲಿ 1 ಮಿಮೀ ತಪ್ಪಿದರೆ ಸುಮಾರು 4 ಹರ್ಟ್ಸ್ ಹೋಯಿತು. ತೂಕದಲ್ಲಿ 0.1 ಗ್ರಾಂ ಹೆಚ್ಚುಕಡಿಮೆಯಾದರೆ ಅರ್ಧ ಹರ್ಟ್ಸ್ ಮಾತ್ರ. ತುದಿಗೆ ಒಂದು ಎಂ3 ಸ್ಕ್ರೂ ನಿಲ್ಲಿಸಿ ನಟ್ ಹಾಕುತ್ತ ತೆಗೆಯುತ್ತ ಹೋಗಿ. ಒಂದು ನಟ್ ಸುಮಾರು 0.4 ಗ್ರಾಂ, ಅಂದರೆ 2 ಹರ್ಟ್ಸ್. ಹೊಂದಿದ ಮೇಲೆ ನಟ್‌ಗೆ ಥ್ರೆಡ್‌ಲಾಕ್ ಹಾಕಲು ಮರೆಯಬೇಡಿ. ದಿನವಿಡೀ ಸೆಕೆಂಡಿಗೆ ನೂರು ಸಲ ಅದುರುವ ನಟ್ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಿಡಿಕೆಯ ಬಗ್ಗೆ ಒತ್ತಿ ಹೇಳಬೇಕು. ಪಟ್ಟಿಯ ಬುಡವನ್ನು ಎರಡು 6 ಮಿಮೀ ಸ್ಟೀಲ್ ತುಂಡುಗಳ ನಡುವೆ ಎರಡು ಬೋಲ್ಟಿನಿಂದ ಬಿಗಿಯಿರಿ. ಒಂದೇ ಬೋಲ್ಟ್ ಇದ್ದರೆ ಪಟ್ಟಿ ತಿರುಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಅಥವಾ 3ಡಿ ಪ್ರಿಂಟ್ ಹಿಡಿಕೆ ಬೇಡ, ಕಂಪನದ ಶಕ್ತಿಯನ್ನು ಅದೇ ನುಂಗುತ್ತದೆ. ಪೀಜೊ ಬುಡಕ್ಕೆ ಹತ್ತಿಕೊಂಡೇ ಇರಲಿ, ಬಾಗು ಅಲ್ಲಿಯೇ ಹೆಚ್ಚು. ತುದಿಯ ಕಡೆ ಅಂಟಿಸಿದ ಪೀಜೊ ಕುಣಿಯುತ್ತದೆ, ಬಾಗುವುದಿಲ್ಲ. ಬಾಗದೆ ವಿದ್ಯುತ್ ಇಲ್ಲ.

ಎಷ್ಟು ಸಿಗುತ್ತದೆ ಎಂಬುದಕ್ಕೆ ಒಂದು ಸೂತ್ರ ಬರೆದಿಟ್ಟುಕೊಳ್ಳಿ. ತುದಿಯ ತೂಕವನ್ನು ಕಿಲೋಗ್ರಾಂನಲ್ಲಿ ಇಟ್ಟು, ವೇಗೋತ್ಕರ್ಷದ ಶಿಖರಮೌಲ್ಯದ ವರ್ಗದಿಂದ ಗುಣಿಸಿ. ಬಂದದ್ದನ್ನು 16, ಯಾಂತ್ರಿಕ ಡ್ಯಾಂಪಿಂಗ್ ಅನುಪಾತ (ಪಟ್ಟಿಯ ಕಂಪನ ತಾನಾಗಿ ಎಷ್ಟು ಬೇಗ ಆರುತ್ತದೆ ಎಂಬ ಅಳತೆ), 6.28 ಮತ್ತು ಆವರ್ತನ ಈ ನಾಲ್ಕರ ಗುಣಲಬ್ಧದಿಂದ ಭಾಗಿಸಿ. 10 ಗ್ರಾಂ, 1 ಮೀಟರ್ ಪ್ರತಿ ಸೆಕೆಂಡ್ ವರ್ಗ, ಡ್ಯಾಂಪಿಂಗ್ 0.01, 100 ಹರ್ಟ್ಸ್ ಹಾಕಿದರೆ ಸುಮಾರು 100 ಮೈಕ್ರೊವ್ಯಾಟ್. ಎಲ್ಲವೂ ಸರಿಹೊಂದಿದಾಗಿನ ಮೇಲ್ಮಿತಿ ಇದು. ಅರ್ಧ ಕೈಗೆ ಬಂದರೂ, 10 ಮಿಲಿಜೌಲ್ ಬೇಡುವ ಒಂದು ಸಣ್ಣ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ರೇಡಿಯೊ) ಸಂದೇಶವನ್ನು ನಾಲ್ಕೈದು ನಿಮಿಷಕ್ಕೊಮ್ಮೆ ಕಳಿಸಬಹುದು. ಬೇರಿಂಗ್ ಬಿಸಿ ನೋಡಲು ಅಷ್ಟು ಧಾರಾಳ.

ಸೂತ್ರದಲ್ಲಿ ವೇಗೋತ್ಕರ್ಷಕ್ಕೆ ವರ್ಗವಿದೆ ಎಂಬುದನ್ನು ಗಮನಿಸಿ. ಕಂಪನ ಅರ್ಧವಾದರೆ ವಿದ್ಯುತ್ ಕಾಲು ಪಾಲು. ಇದನ್ನು ತಿಳಿದು ಕೆಲವರು ಮೋಟರಿನ ಕಾಲಿನ ಬೋಲ್ಟ್ ಸಡಿಲಿಸಲು ಹೋಗುತ್ತಾರೆ. ಖಂಡಿತ ಬೇಡ. 100 ಹರ್ಟ್ಸ್ ಹೆಚ್ಚುವುದು ನಿಜ, ಅದರ ಜೊತೆಗೆ ಚೌಕಟ್ಟು ತಿರುಚಿ ಬೇರಿಂಗ್ ಹೋಗುವುದೂ ನಿಜ. ಕಂಪನ ಹೆಚ್ಚಿರುವ ಜಾಗ ಹುಡುಕಿ, ಹೊಸದಾಗಿ ಕಂಪನ ಹುಟ್ಟಿಸಬೇಡಿ.

ಪ್ರಶ್ನೆ: ವೈಬ್ರೇಶನ್ ಅಳೆಯುವ ಉಪಕರಣ ಇಲ್ಲ. ಮೊಬೈಲ್ ಸಾಕೇ? — ಗೋಕಾಕ

24 ಹರ್ಟ್ಸ್‌ಗೆ ಸಾಕು, 100ಕ್ಕೆ ಎಚ್ಚರ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ಉಚಿತ ಆ್ಯಪ್ ಫಿಫಾಕ್ಸ್ ವೇಗೋತ್ಕರ್ಷದ ವರ್ಣಪಟಲವನ್ನೂ, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಕಂಪನ ಎಂಬುದನ್ನೂ ತೋರಿಸುತ್ತದೆ. ಆದರೆ ನಿಮ್ಮ ಮೊಬೈಲ್ ಸೆಕೆಂಡಿಗೆ 100 ಸಲ ಮಾತ್ರ ಅಳೆಯುವುದಾದರೆ 100 ಹರ್ಟ್ಸ್ ಕಂಪನ ಅದರ ಕಣ್ಣಿಗೆ ನಿಂತಂತೆಯೇ ಕಾಣುತ್ತದೆ. 200 ಸಲವೂ ಸಾಲದು, 400ಕ್ಕಿಂತ ಹೆಚ್ಚಿದ್ದರೆ ನಂಬಿ. ಇಲ್ಲವಾದರೆ ವೇಗೋತ್ಕರ್ಷ ಅಳೆಯುವ ಎಡಿಎಕ್ಸ್‌ಎಲ್345 ಮಾಡ್ಯೂಲ್ ತಂದು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿ, ಸೆಕೆಂಡಿಗೆ 800 ಸಲಕ್ಕೆ ಇಟ್ಟು, 2 ಜಿ (ಗುರುತ್ವ ವೇಗೋತ್ಕರ್ಷದ ಎರಡು ಪಟ್ಟು) ವ್ಯಾಪ್ತಿಯಲ್ಲಿ ಓದಿ.

ಅಳೆಯುವ ಜಾಗ ಬೇರಿಂಗ್ ಹೌಸಿಂಗ್. ಬಣ್ಣ ಕೆರೆದು ಬರಿ ಲೋಹಕ್ಕೆ ಅಂಟಿಸಿ. ಸ್ಪಂಜಿನ ಡಬಲ್ ಟೇಪ್ ಹಚ್ಚಿದರೆ ನೀವು ಅಳೆಯುವುದು ಟೇಪಿನ ಆಟವನ್ನು. ಫ್ಯಾನ್ ಮುಚ್ಚಳದ ತಗಡಿನ ಮೇಲೆ ಅಂಕಿ ದೊಡ್ಡದು ಬರುತ್ತದೆ, ಅದಕ್ಕೆ ಮರುಳಾಗಬೇಡಿ. 200 ಗ್ರಾಂ ಉಪಕರಣ ಕೂರಿಸಿದ ಕೂಡಲೇ ತೆಳು ತಗಡು ಸುಮ್ಮನಾಗುತ್ತದೆ. ವರ್ಕ್‌ಶಾಪಿನ ವೈಬ್ರೇಶನ್ ಮೀಟರ್ ಸಿಕ್ಕರೂ ಅದರ ಮಿಮೀ ಪ್ರತಿ ಸೆಕೆಂಡ್ ಅಂಕಿ ಎಲ್ಲ ಆವರ್ತನಗಳ ಒಟ್ಟು ಮೊತ್ತ. ನಮಗೆ ಬೇಕಾದದ್ದು ಒಂದೇ ಆವರ್ತನದ ಪಾಲು.

ಪ್ರಶ್ನೆ: ಪ್ರಾಜೆಕ್ಟಿಗೆ 27 ಮಿಮೀ ಬಜರ್ ಡಿಸ್ಕ್ ತೆಗೆದುಕೊಂಡಿದ್ದೇವೆ. 24 ಹರ್ಟ್ಸ್‌ನಲ್ಲಿ ಆಸಿಲೊಸ್ಕೋಪ್ ಶಿಖರ 8 ವೋಲ್ಟ್ ತೋರಿಸುತ್ತದೆ. ಎಸಿಯನ್ನು ಡಿಸಿ ಮಾಡಲು 1ಎನ್5819 ಡಯೋಡಿನ ಬ್ರಿಡ್ಜ್, 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದರೆ ಒಂದು ತಾಸು ಕಾದರೂ 2 ವೋಲ್ಟ್ ದಾಟುವುದಿಲ್ಲ. — ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಬಾಗಲಕೋಟೆ

ತೂತು ಬಿದ್ದ ಕೊಡಕ್ಕೆ ಹನಿ ಹನಿ ನೀರು ಬಿಡುತ್ತಿದ್ದೀರಿ. ಮೊದಲು ಹನಿಯ ಲೆಕ್ಕ. ಈ ಡಿಸ್ಕಿನ ಕೆಪಾಸಿಟನ್ಸ್ ಸುಮಾರು 20 ನ್ಯಾನೊಫ್ಯಾರಡ್. 24 ಹರ್ಟ್ಸ್‌ನಲ್ಲಿ ಅದರ ಒಳತಡೆ 330 ಕಿಲೊಓಮ್. ಬ್ರಿಡ್ಜ್ ಆಚೆ ಶಾರ್ಟ್ ಮಾಡಿದರೂ 15 ಮೈಕ್ರೊಆಂಪಿಯರಿಗಿಂತ ಹೆಚ್ಚು ಬಾರದು. ಈಗ ತೂತಿನ ಲೆಕ್ಕ. ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನ ಸೋರಿಕೆ ಗಾತ್ರದ ಜೊತೆ ಬೆಳೆಯುತ್ತದೆ, 1000 ಮೈಕ್ರೊಫ್ಯಾರಡಿನದು ಹತ್ತಾರು ಮೈಕ್ರೊಆಂಪಿಯರ್ ಇರಬಹುದು. 1ಎನ್5819 ಸ್ಕಾಟ್ಕಿ ಬಗೆಯದು, ಅದು ಕೂಡ ಹಿಂದಕ್ಕೆ ಸೋರುವ ಡಯೋಡ್. ಉಷ್ಣತೆ ಏರಿದಂತೆ ಸೋರಿಕೆಯೂ ಏರುತ್ತದೆ, ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಕೇಳುವುದೇ ಬೇಡ. ಬಂದಷ್ಟೂ ಸೋರಿ ಹೋಗುವ ಬಿಂದುವೇ ನಿಮ್ಮ 2 ವೋಲ್ಟ್.

ಸ್ಕಾಟ್ಕಿ ಡಯೋಡಿನಲ್ಲಿ ವೋಲ್ಟೇಜ್ ನಷ್ಟ ಕಡಿಮೆ ಎಂದು ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಪೀಜೊ ವಿಷಯದಲ್ಲಿ ಇದು ತಪ್ಪು ಉಳಿತಾಯ. ಪೀಜೊ ಕೊಡುವುದು ಹೆಚ್ಚು ವೋಲ್ಟೇಜು, ಕಡಿಮೆ ಕರೆಂಟು. ಇಲ್ಲಿ 0.4 ವೋಲ್ಟ್ ಹೋದರೆ ಸಹಿಸಬಹುದು, 10 ಮೈಕ್ರೊಆಂಪಿಯರ್ ಹೋದರೆ ಉಳಿಯುವುದೇನೂ ಇಲ್ಲ. ಸಾದಾ 1ಎನ್4148 ನಾಲ್ಕು ಹಾಕಿ, ಅದರ ಸೋರಿಕೆ ನ್ಯಾನೊಆಂಪಿಯರಿನಲ್ಲಿ. ಕೆಪಾಸಿಟರ್ 47 ಮೈಕ್ರೊಫ್ಯಾರಡ್, 25 ವೋಲ್ಟಿನ ಟ್ಯಾಂಟಲಮ್ ಅಥವಾ ಎಕ್ಸ್7ಆರ್ ಸೆರಾಮಿಕ್ ಇರಲಿ. ಸೆರಾಮಿಕ್ ಆದರೆ ವೋಲ್ಟೇಜು ಏರಿದಾಗ ಅದರ ಕೆಪಾಸಿಟನ್ಸ್ ಕುಗ್ಗುತ್ತದೆ, ಎರಡು ಸಮಾಂತರವಾಗಿ ಹಾಕಿ. 47 ಮೈಕ್ರೊಫ್ಯಾರಡ್ 4 ವೋಲ್ಟಿಗೆ ಏರಲು ಅರ್ಧ ನಿಮಿಷದೊಳಗಿನ ಮಾತು.

4 ವೋಲ್ಟ್ ಎಂದು ಹೇಳಿದ್ದಕ್ಕೆ ಕಾರಣವಿದೆ. ಡಿಸ್ಕಿನಿಂದ ಹೆಚ್ಚು ಶಕ್ತಿ ಎಳೆಯಬೇಕಾದರೆ ಬ್ರಿಡ್ಜಿನ ಆಚೆಯ ಡಿಸಿ, ತೆರೆದ ತುದಿಯ ಶಿಖರದ ಅರ್ಧದಷ್ಟಿರಬೇಕು. 8ರ ಅರ್ಧ 4. ಅಲ್ಲಿ ನಿಮಗೆ ಸುಮಾರು 30 ಮೈಕ್ರೊವ್ಯಾಟ್ ಸಿಗಬೇಕು. 8 ವೋಲ್ಟಿನವರೆಗೆ ಏರಲಿ ಎಂದು ಕಾಯುವುದೂ ವ್ಯರ್ಥ, ಅಲ್ಲಿ ಕರೆಂಟು ಸೊನ್ನೆ. ಎಲ್‌ಟಿಸಿ3588-1 ಚಿಪ್ (ಪೀಜೊ ವಿದ್ಯುತ್ತನ್ನು ಸ್ಥಿರ ವೋಲ್ಟೇಜಿಗೆ ತರುವಂಥದ್ದು) ಬಳಸುವವರು ಇದನ್ನು ಮುಖ್ಯವಾಗಿ ನೋಡಿ. ಅದರ ಔಟ್‌ಪುಟ್ 3.3 ವೋಲ್ಟಿಗೆ ಇಟ್ಟರೆ ಒಳಗೆ ಸುಮಾರು 5 ವೋಲ್ಟ್ ತುಂಬುವ ತನಕ ಚಿಪ್ ಬಾಗಿಲು ತೆರೆಯುವುದಿಲ್ಲ. 1.8ಕ್ಕೆ ಇಟ್ಟರೆ ಸುಮಾರು 4ಕ್ಕೆ ತೆರೆಯುತ್ತದೆ, ನಿಮ್ಮ ಡಿಸ್ಕಿಗೆ ಅದು ಹೇಳಿ ಮಾಡಿಸಿದ್ದು. 1.8 ವೋಲ್ಟಿನಲ್ಲಿ ನಡೆಯುವ ಮೈಕ್ರೊಕಂಟ್ರೋಲರ್ ಆರಿಸಿಕೊಳ್ಳಿ. 3.3 ಬೇಕೇ ಬೇಕೆಂದರೆ ಎರಡು ಡಿಸ್ಕನ್ನು ಸರಣಿಯಲ್ಲಿ ಜೋಡಿಸಿ.

ಜೋಡಿಸುವಾಗ ಧ್ರುವ ನೋಡಿ. ಪಟ್ಟಿಯ ಮೇಲ್ಮೈ ಹಿಗ್ಗುವಾಗ ಕೆಳಮೈ ಕುಗ್ಗುತ್ತದೆ. ಮೇಲೊಂದು ಕೆಳಗೊಂದು ಒಂದೇ ರೀತಿ ಅಂಟಿಸಿ ತಂತಿಗಳನ್ನೂ ಒಂದೇ ರೀತಿ ಕೂಡಿಸಿದರೆ ಎರಡೂ ಒಂದನ್ನೊಂದು ಕೊಂದು ಸೊನ್ನೆ ಬರಬಹುದು. ಬೆಸುಗೆ 2-3 ಸೆಕೆಂಡಿನಲ್ಲಿ ಮುಗಿಸಿ. ಬೆಸುಗೆಯ ಕಾವಿಗೆ ಪೀಜೊ ತನ್ನ ಧ್ರುವತೆ ಕಳೆದುಕೊಂಡರೆ ಮತ್ತೆ ಬರುವುದಿಲ್ಲ.

ಪ್ರಶ್ನೆ: ವಿಜ್ಞಾನ ಪ್ರದರ್ಶನಕ್ಕೆ, ಗೋಳಗುಮ್ಮಟ ನೋಡಲು ಬರುವವರ ಹೆಜ್ಜೆಯಿಂದ ಬೀದಿದೀಪ ಉರಿಸುವ ಪೀಜೊ ಟೈಲ್ ಮಾದರಿ ಮಾಡುತ್ತಿದ್ದೇವೆ. ಎಷ್ಟು ಡಿಸ್ಕ್ ಬೇಕು? — ಪ್ರೌಢಶಾಲೆ ವಿದ್ಯಾರ್ಥಿಗಳು, ವಿಜಯಪುರ

ಲೆಕ್ಕ ಮಾಡಿ ನೋಡೋಣ. 20 ವ್ಯಾಟಿನ ಎಲ್‌ಇಡಿ ದೀಪ 12 ತಾಸು ಉರಿಯಲು 8,64,000 ಜೌಲ್ ಬೇಕು. 60 ಕೆಜಿ ಮನುಷ್ಯ ಟೈಲನ್ನು 5 ಮಿಮೀ ಒತ್ತಿದರೆ ಒಟ್ಟು 3 ಜೌಲ್. ಒಂದು ಚೂರೂ ನಷ್ಟವಿಲ್ಲದೆ ಹಿಡಿದರೂ ಒಂದು ದೀಪಕ್ಕೆ ಒಂದು ರಾತ್ರಿಗೆ 2,88,000 ಹೆಜ್ಜೆ. ಪೀಜೊ ಡಿಸ್ಕ್ ಅಷ್ಟನ್ನು ಹಿಡಿಯುವುದೂ ಇಲ್ಲ. 20 ನ್ಯಾನೊಫ್ಯಾರಡ್ ಡಿಸ್ಕ್ 40 ವೋಲ್ಟಿಗೆ ಏರಿದರೆ ಅದರಲ್ಲಿರುವುದು 16 ಮೈಕ್ರೊಜೌಲ್. 30 ಡಿಸ್ಕಿನ ಟೈಲಿಗೆ ಸುಮಾರು ಅರ್ಧ ಮಿಲಿಜೌಲ್. ಆ ಲೆಕ್ಕದಲ್ಲಿ 180 ಕೋಟಿ ಹೆಜ್ಜೆ ಬೇಕು.

ಇದನ್ನು ಕೇಳಿ ಮಾದರಿ ಬಿಡಬೇಡಿ, ದೀಪವನ್ನು ಬಿಡಿ. ಅರ್ಧ ಮಿಲಿಜೌಲಿನಲ್ಲಿ ಒಂದು ಬ್ಲೂಟೂತ್ ಸಂದೇಶ ಆರಾಮವಾಗಿ ಹೋಗುತ್ತದೆ. ಒಂದು ಹೆಜ್ಜೆ, ಒಂದು ಸಂದೇಶ. ಬ್ಯಾಟರಿಯೇ ಇಲ್ಲದೆ ಬಂದವರನ್ನು ಎಣಿಸುವ ಟೈಲ್ ಮಾಡಿ ತೋರಿಸಿ, ಈ ಲೆಕ್ಕವನ್ನೂ ಪಕ್ಕದಲ್ಲಿ ಹಾಳೆಯ ಮೇಲೆ ಬರೆದಿಡಿ. ಬೆರಳಿನಿಂದ ಒತ್ತಿದ ಬಲದಲ್ಲೇ ರೇಡಿಯೊ ಸಂದೇಶ ಕಳಿಸುವ ಬ್ಯಾಟರಿರಹಿತ ಸ್ವಿಚ್ಚುಗಳು ಮಾರುಕಟ್ಟೆಯಲ್ಲಿವೆ, ನಿಮ್ಮದು ಅದೇ ಕುಲ.

ಡಿಸ್ಕನ್ನು ಸಮತಟ್ಟು ಹಲಗೆಗೆ ಪೂರ್ತಿ ಅಂಟಿಸಬೇಡಿ. ಅಂಚಿಗೆ ರಬ್ಬರ್ ಉಂಗುರದ ಆಸರೆ, ನಡುವೆ 8 ಮಿಮೀ ಗುಂಡಿಯಿಂದ ಒತ್ತಡ, ಅರ್ಧ ಮಿಲಿಮೀಟರಿಗೂ ಮುಂಚೆಯೇ ತಡೆಯುವ ಗಟ್ಟಿ ನಿಲುಗಡೆ. ನಿಲುಗಡೆ ಇಲ್ಲದಿದ್ದರೆ ಮೊದಲ ದಿನವೇ ಪಿಂಗಾಣಿ ಸೀಳುತ್ತದೆ.

ಪ್ರಶ್ನೆ: ಪವರ್‌ಲೂಮ್ ನಿಮಿಷಕ್ಕೆ 120 ಪಿಕ್ (ಅಡ್ಡನೂಲಿನ ಎಳೆ) ಓಡುತ್ತದೆ. ಯಾವ ಮಗ್ಗ ಎಷ್ಟು ಹೊತ್ತು ನಿಂತಿತ್ತು ಎಂದು ಮೊಬೈಲಿಗೆ ತಿಳಿಸುವ ಸೆನ್ಸರ್ ಬೇಕು. 2 ಹರ್ಟ್ಸ್‌ಗೆ ಪಟ್ಟಿ ಮಾಡಬಹುದೇ? — ರಬಕವಿ-ಬನಹಟ್ಟಿ

2 ಹರ್ಟ್ಸ್‌ಗೆ ಪಟ್ಟಿ ಆಗದು. ಅಡ್ಡಲಾಗಿ ಚಾಚಿದ ಪಟ್ಟಿ ತನ್ನ ತೂಕಕ್ಕೆ ಎಷ್ಟು ಜೋತುಬೀಳುತ್ತದೆ ಎಂಬುದು ಆವರ್ತನದಿಂದಲೇ ತೀರ್ಮಾನವಾಗುತ್ತದೆ. 24 ಹರ್ಟ್ಸ್‌ನಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ, 2 ಹರ್ಟ್ಸ್‌ನಲ್ಲಿ 62 ಮಿಲಿಮೀಟರ್. ಹಾಗೆಂದು ಮಗ್ಗ ಬಡವಲ್ಲ, ಇಲ್ಲಿ ಬಂದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಶ್ರೀಮಂತ ಮೂಲ ಇದೇ. ಹಣಿಗೆ ಹೊತ್ತು ಹಿಂದೆ ಮುಂದೆ ಆಡುವ ಸ್ಲೇ ನೋಡಿ. ಅದರ ಓಡಾಟ 12 ಸೆಂಮೀ ಇದ್ದರೆ, 120 ಪಿಕ್ಕಿನಲ್ಲಿ ವೇಗೋತ್ಕರ್ಷ 9.5 ಮೀಟರ್ ಪ್ರತಿ ಸೆಕೆಂಡ್ ವರ್ಗ. ಮೋಟರಿನಲ್ಲಿ ನಾವು ಒಂದಕ್ಕೆ ಹುಡುಕಾಡುತ್ತಿದ್ದೆವು.

ಪೀಜೊ ಬಿಟ್ಟು ಅಯಸ್ಕಾಂತ ಹಿಡಿಯಿರಿ. ಒಳವ್ಯಾಸ 12 ಮಿಮೀ, ಉದ್ದ 80 ಮಿಮೀ ಅಕ್ರಿಲಿಕ್ ಕೊಳವೆ. ಅದರೊಳಗೆ 10 ಮಿಮೀ ವ್ಯಾಸ, 20 ಮಿಮೀ ಉದ್ದದ ನಿಯೊಡಿಮಿಯಮ್ ಅಯಸ್ಕಾಂತ ಸಡಿಲವಾಗಿ ಜಾರಬೇಕು. ಎರಡು ತುದಿಗೆ ರಬ್ಬರ್ ಬಿಲ್ಲೆ. ಹೊರಗೆ ನಡುಭಾಗದಲ್ಲಿ 40 ಎಸ್‌ಡಬ್ಲ್ಯುಜಿ ದಪ್ಪದ ಎನಾಮಲ್ ತಂತಿಯ ಎರಡು ಸುರುಳಿ, ಒಂದೊಂದು 11 ಮಿಮೀ ಅಗಲ, 1000 ಸುತ್ತು. ಸುರುಳಿಗಳ ನಡುವಿನ ಅಂತರ ಮಧ್ಯದಿಂದ ಮಧ್ಯಕ್ಕೆ 20 ಮಿಮೀ, ಅಂದರೆ ಅಯಸ್ಕಾಂತದ ಉದ್ದದಷ್ಟೇ. ಒಂದನ್ನು ಬಲಕ್ಕೆ ಸುತ್ತಿದರೆ ಇನ್ನೊಂದನ್ನು ಎಡಕ್ಕೆ ಸುತ್ತಿ ಸರಣಿಯಲ್ಲಿ ಜೋಡಿಸಿ. ಉತ್ತರ ಧ್ರುವ ಒಂದರೊಳಗೆ ಇರುವಾಗ ದಕ್ಷಿಣ ಇನ್ನೊಂದರೊಳಗೆ ಇರುವುದರಿಂದ ಹೀಗೆ ಸುತ್ತಿದರೇ ವೋಲ್ಟೇಜು ಕೂಡುತ್ತದೆ. ಎರಡರ ಒಟ್ಟು ರೋಧ ಸುಮಾರು 150 ಓಮ್. ಅಯಸ್ಕಾಂತ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಓಡಿದರೆ 2-3 ವೋಲ್ಟಿನ ಶಿಖರ ಬರಬೇಕು. 12 ಗ್ರಾಂ ಅಯಸ್ಕಾಂತದ ಒಂದು ಓಟದಲ್ಲಿ 1.5 ಮಿಲಿಜೌಲ್, ಸೆಕೆಂಡಿಗೆ ನಾಲ್ಕು ಓಟ. ಮೇಲ್ಮಿತಿ 6 ಮಿಲಿವ್ಯಾಟ್, ಕೈಗೆ ಒಂದೆರಡು ಮಿಲಿವ್ಯಾಟ್ ಎಂದುಕೊಳ್ಳಿ. ಮೋಟರಿನ ಪಟ್ಟಿಯ ಹತ್ತು ಪಟ್ಟಿಗೂ ಹೆಚ್ಚು. ಇಲ್ಲಿ ವೋಲ್ಟೇಜು ಕಡಿಮೆ, ಕರೆಂಟು ಹೆಚ್ಚು. ಆದ್ದರಿಂದ ಮೇಲೆ ಬೇಡವೆಂದ ಸ್ಕಾಟ್ಕಿ ಡಯೋಡೇ ಇಲ್ಲಿ ಸರಿ.

ಕೆಡುವ ಜಾಗಗಳು ಇವು. ಚೆನ್ನಾಗಿ ಕಾಣುತ್ತದೆಂದು ಅಲ್ಯುಮಿನಿಯಂ ಕೊಳವೆ ಹಾಕಿದರೆ ಅದರಲ್ಲಿ ಹುಟ್ಟುವ ಸುಳಿಕರೆಂಟು ಅಯಸ್ಕಾಂತಕ್ಕೆ ಬ್ರೇಕ್ ಹಾಕುತ್ತದೆ. ಬೀಡು ಕಬ್ಬಿಣದ ಭಾಗಕ್ಕೆ ಹತ್ತಿರ ಕಟ್ಟಿದರೆ ಅಯಸ್ಕಾಂತ ಅತ್ತ ಅಂಟಿಕೊಂಡು ಓಡುವುದೇ ಇಲ್ಲ, ಸ್ಲೇಯ ಮರದ ಭಾಗಕ್ಕೆ ಕಬ್ಬಿಣದಿಂದ 2-3 ಸೆಂಮೀ ದೂರವಿಟ್ಟು, ಸ್ಲೇ ಆಡುವ ದಿಕ್ಕಿಗೆ ಕಟ್ಟಿ. ಕೊಳವೆಯ ತುದಿಗಳನ್ನು ಗಾಳಿಯೂ ಆಡದಂತೆ ಮುಚ್ಚಿದರೆ ಒಳಗಿನ ಗಾಳಿ ಸ್ಪ್ರಿಂಗ್ ಆಗಿ ತಡೆಯುತ್ತದೆ. ಸಣ್ಣ ರಂಧ್ರ ಬಿಟ್ಟು, ಹತ್ತಿಯ ಧೂಳು ಹೋಗದಂತೆ ಅದಕ್ಕೆ ಬಟ್ಟೆ ಅಂಟಿಸಿ. ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ತಂತಿ. ಆಡುವ ಸ್ಲೇಯಿಂದ ನಿಂತ ಚೌಕಟ್ಟಿಗೆ ಎಳೆದ ತಂತಿ ಬಾಗಿ ಬಾಗಿ ತುಂಡಾಗುತ್ತದೆ. ಸರ್ಕ್ಯೂಟನ್ನೂ ಸ್ಲೇ ಮೇಲೆಯೇ ಕೂರಿಸಿಬಿಡಿ, ಆಚೆ ಹೋಗುವುದು ರೇಡಿಯೊ ಮಾತ್ರ ಇರಲಿ. ಮಗ್ಗ ನಿಂತರೆ ಸಂದೇಶವೂ ನಿಲ್ಲುತ್ತದೆ, ನಿಮಗೆ ಬೇಕಾದ ಮಾಹಿತಿಯೇ ಅದು.

ಪ್ರಶ್ನೆ: ಬೋರ್‌ವೆಲ್ ಪೈಪಿನ ಕಂಪನದಿಂದ ನೀರಿನ ಸೆನ್ಸರ್ ನಡೆಸಬಹುದೇ? — ಇಂಡಿ

ಬೇಡ. ಸಬ್‌ಮರ್ಸಿಬಲ್ ಮೋಟರ್ ನೂರಾರು ಅಡಿ ಕೆಳಗಿದೆ, ಮೇಲೆ ಬರುವ ಹೊತ್ತಿಗೆ ಕಂಪನ ಸತ್ತಿರುತ್ತದೆ. ನಿಮ್ಮ ಹೊಲದ ಬಿಸಿಲಿನಲ್ಲಿ 10 ಚದರ ಸೆಂಮೀ ಸೋಲಾರ್ ಸೆಲ್ 100 ಮಿಲಿವ್ಯಾಟಿಗೂ ಹೆಚ್ಚು ಕೊಡುತ್ತದೆ. ಬಿಸಿಲು ಬೀಳುವ ಕಡೆ ಕಂಪನದ ಹಿಂದೆ ಹೋಗುವುದು ದುಡ್ಡು ದಂಡ.

ಪ್ರಶ್ನೆ: ಸಕ್ಕರೆ ಕಾರ್ಖಾನೆಯಲ್ಲಿ ಎಲ್ಲಿ ಕೂರಿಸುವುದು ಒಳ್ಳೆಯದು? ಹಂಗಾಮು ಮುಗಿದು ತಿಂಗಳುಗಟ್ಟಲೆ ನಿಂತ ಮೇಲೆ ತಾನಾಗಿ ಶುರುವಾಗುತ್ತದೆಯೇ? — ಮುಧೋಳ

ಕಬ್ಬು ಅರೆಯುವ ರೋಲರ್ ನಿಮಿಷಕ್ಕೆ ನಾಲ್ಕೈದು ಸುತ್ತು, ಅದರ ಹತ್ತಿರ ಹೋಗಬೇಡಿ. ಗೇರ್‌ಬಾಕ್ಸಿನ ಹೌಸಿಂಗ್, ಕಬ್ಬು ಸೀಳುವ ಶ್ರೆಡರ್ ಮೋಟರಿನ ಬೇರಿಂಗ್ ಪೀಠ ನೋಡಿ. ಕಾವು ಅಳೆದು ಸಾಮಗ್ರಿ ಆರಿಸಿ. ಸಾಮಾನ್ಯ ನಿಯೊಡಿಮಿಯಮ್ ಅಯಸ್ಕಾಂತದ ಮಿತಿ 80 ಡಿಗ್ರಿ, ಪಿವಿಡಿಎಫ್ ಎಂಬ ಪ್ಲಾಸ್ಟಿಕ್ ಪೀಜೊ ಹಾಳೆಗೂ ಹೆಚ್ಚುಕಡಿಮೆ ಅಷ್ಟೇ. ಪಿಜೆಡ್‌ಟಿ ಎಂಬ ಪೀಜೊ ಪಿಂಗಾಣಿಯಲ್ಲಿ 5ಎ ಎಂಬ ಬಗೆ 5ಎಚ್‌ಗಿಂತ ಹೆಚ್ಚು ಕಾವು ತಾಳುತ್ತದೆ. 5 ನಿಮಿಷದ ಎಪಾಕ್ಸಿ ಬಿಸಿಗೆ ಮೆತ್ತಗಾಗುತ್ತದೆ, 24 ತಾಸು ಒಣಗುವುದನ್ನು ತೆಳುವಾಗಿ ಹಚ್ಚಿ.

ಹಂಗಾಮು ಮುಗಿದ ಮೇಲೆ, ವಿದ್ಯುತ್ ಕೂಡಿಡಲು ಹಾಕಿದ ಸೂಪರ್‌ಕೆಪಾಸಿಟರ್ ಪೂರ್ತಿ ಬರಿದಾಗಿರುತ್ತದೆ. 0.1 ಫ್ಯಾರಡಿನದು 5 ವೋಲ್ಟಿಗೆ ತುಂಬಲು 1.25 ಜೌಲ್ ಬೇಕು. 100 ಮೈಕ್ರೊವ್ಯಾಟ್ ಬಂದರೆ ಸೋರಿಕೆ ಬಿಟ್ಟೂ ಮೂರೂವರೆ ತಾಸು, ಸೋರಿಕೆ ಸೇರಿದರೆ ಇನ್ನೂ ಹೆಚ್ಚು. ಅಷ್ಟು ಹೊತ್ತು ಸೆನ್ಸರ್ ಸತ್ತಿದೆ ಎಂದುಕೊಂಡು ಕಿತ್ತುಹಾಕಿಬಿಡುವ ಸಂಭವವೇ ಹೆಚ್ಚು. ಆದ್ದರಿಂದ ಮೊದಲು 100 ಮೈಕ್ರೊಫ್ಯಾರಡ್ ತುಂಬಿ ಸೆನ್ಸರ್ ಎದ್ದು ಒಂದು ಚಿಕ್ಕ ಬ್ಲೂಟೂತ್ ಸಂದೇಶ ಕಳಿಸಲಿ. ಮಿಕ್ಕ ವಿದ್ಯುತ್ ಆಮೇಲೆ ಡಯೋಡಿನ ಮೂಲಕ ಸೂಪರ್‌ಕೆಪಾಸಿಟರಿಗೆ ಹರಿಯಲಿ. ಕಂಪನ ಶುರುವಾದ ಅರ್ಧ ನಿಮಿಷದೊಳಗೆ ಮೊದಲ ಸಂದೇಶ ಬರದಿದ್ದರೆ ಹಿಡಿಕೆಯ ಬೋಲ್ಟನ್ನೂ ಟ್ಯೂನಿಂಗ್ ನಟ್ಟನ್ನೂ ನೋಡಿ.